ಸುರಕ್ಷಿತ ರಸ್ತೆ, ಅರ್ಧ ದರ: ಢಾಕಾ ವಿದ್ಯಾರ್ಥಿ ಚಳವಳಿಯ ಪೂರ್ವಾಪರ

ನೆರೆಯ ಬಾಂಗ್ಲಾದೇಶದ ರಾಜಧಾನಿ ಢಾಕಾದಲ್ಲಿ 2018ರ ಜುಲೈ ಕೊನೆಯಲ್ಲಿ ಶಾಲಾ-ಕಾಲೇಜುಗಳ ಮಕ್ಕಳು ಸಮವಸ್ತ್ರದಲ್ಲೇ ಬೀದಿಗಿಳಿದರು. ಅವರ ಹಿಂದೆ ಯಾವುದೇ ರಾಜಕೀಯ ಪಕ್ಷದ ಬಾವುಟವಾಗಲಿ, ಹೆಸರಾಂತ ನಾಯಕರಾಗಲಿ ಇರಲಿಲ್ಲ. ಜೀವಕ್ಕೆ ಅಪಾಯವಿಲ್ಲದ ರಸ್ತೆ ಮತ್ತು ವಿದ್ಯಾರ್ಥಿಗಳಿಗೆ ಅರ್ಧ ದರದ ಬಸ್ ಪ್ರಯಾಣ ಅವರ ಪ್ರಮುಖ ಬೇಡಿಕೆಗಳಾಗಿದ್ದವು. ಹತ್ತಾರು ದಿನ ನಡೆದ ಈ ಚಳವಳಿ ಒಂದು ಹೊಸ ಕಾಯಿದೆಗೆ ಕಾರಣವಾಯಿತು. 2021ರಲ್ಲಿ ಅದು ಮತ್ತೆ ತಲೆಯೆತ್ತಿತು. ದಕ್ಷಿಣ ಏಷ್ಯಾದಲ್ಲಿ ಯುವಜನರು ರಸ್ತೆ ಸುರಕ್ಷತೆಗಾಗಿ ನಡೆಸಿದ ಅತಿ ದೊಡ್ಡ ಹೋರಾಟಗಳಲ್ಲಿ ಒಂದಾದ ಇದರ ಕಾರಣ, ಬೆಳವಣಿಗೆ ಹಾಗೂ ಫಲಿತಾಂಶಗಳ ವಿವರ ಇಲ್ಲಿದೆ.

ಜುಲೈ 29ರ ಮಧ್ಯಾಹ್ನ

ಬಾಂಗ್ಲಾದೇಶದಲ್ಲಿ ಶುಕ್ರವಾರ ಮತ್ತು ಶನಿವಾರ ವಾರದ ರಜೆ. ಭಾನುವಾರ ಕೆಲಸದ ದಿನ. 2018ರ ಜುಲೈ 29 ಅಂಥದೊಂದು ಭಾನುವಾರ. ಢಾಕಾದ ವಿಮಾನ ನಿಲ್ದಾಣ ರಸ್ತೆಯ ಕುರ್ಮಿಟೋಲಾ ಬಳಿ, ಮೇಲ್ಸೇತುವೆ ಇಳಿದು ಬರುವ ಜಾಗದಲ್ಲಿ, ಶಹೀದ್ ರಮೀಜುದ್ದೀನ್ ಕಂಟೋನ್ಮೆಂಟ್ ಕಾಲೇಜಿನ ವಿದ್ಯಾರ್ಥಿಗಳು ತರಗತಿ ಮುಗಿಸಿ ಮನೆಗೆ ಹೋಗಲು ಬಸ್ಸಿಗಾಗಿ ಕಾದು ನಿಂತಿದ್ದರು. ಒಂದೇ ಸಂಸ್ಥೆಯ ಹೆಸರಿನಲ್ಲಿ ಓಡುತ್ತಿದ್ದ ಬಸ್ಸುಗಳು ಈ ಪ್ರಯಾಣಿಕರನ್ನು ಮೊದಲು ಹತ್ತಿಸಿಕೊಳ್ಳುವ ಪೈಪೋಟಿಯಲ್ಲಿ ಒಂದನ್ನೊಂದು ಹಿಂದಿಕ್ಕುತ್ತ ಬಂದವು. ಅವುಗಳಲ್ಲಿ ಒಂದು ಕಾದು ನಿಂತವರ ಮೇಲೆಯೇ ನುಗ್ಗಿತು. ಒಬ್ಬ ವಿದ್ಯಾರ್ಥಿ ಹಾಗೂ ಒಬ್ಬ ವಿದ್ಯಾರ್ಥಿನಿ ಸಾವಿಗೀಡಾದರು. ಹಲವರು ಗಾಯಗೊಂಡರು.

ಅದೇ ದಿನ ಪತ್ರಕರ್ತರು ಆಗಿನ ಹಡಗು ಸಾರಿಗೆ ಸಚಿವ ಶಾಜಹಾನ್ ಖಾನ್ ಅವರ ಪ್ರತಿಕ್ರಿಯೆ ಕೇಳಿದರು. ಖಾನ್ ಅವರು ಸಚಿವರಾಗಿದ್ದಂತೆಯೇ ರಸ್ತೆ ಸಾರಿಗೆ ಕಾರ್ಮಿಕರ ಒಕ್ಕೂಟದ ಕಾರ್ಯಾಧ್ಯಕ್ಷರೂ ಆಗಿದ್ದರು. ಹಿಂದಿನ ದಿನ ಭಾರತದ ಮಹಾರಾಷ್ಟ್ರದಲ್ಲಿ ಬಸ್ಸೊಂದು ಕಂದಕಕ್ಕೆ ಉರುಳಿ 33 ಮಂದಿ ಸತ್ತಿದ್ದರು. ಅದನ್ನು ಉಲ್ಲೇಖಿಸಿದ ಸಚಿವರು, ಅಲ್ಲಿನವರು ನಮ್ಮಂತೆ ಆ ಬಗ್ಗೆ ಮಾತನಾಡುತ್ತಿದ್ದಾರೆಯೇ ಎಂದು ಪ್ರಶ್ನಿಸಿದರು. ಈ ಮಾತನ್ನಾಡುವಾಗ ಅವರ ಮುಖದ ಮೇಲಿದ್ದ ನಗು ದೂರದರ್ಶನ ವಾಹಿನಿಗಳಲ್ಲಿ ದೇಶಕ್ಕೆಲ್ಲ ಕಾಣಿಸಿತು. ಅಪಘಾತಕ್ಕಿಂತಲೂ ಈ ನಗು ವಿದ್ಯಾರ್ಥಿಗಳನ್ನು ಕೆರಳಿಸಿತು. ಸಚಿವರು ಬಳಿಕ ಕ್ಷಮೆ ಯಾಚಿಸಿದರಾದರೂ ಅಷ್ಟರಲ್ಲಿ ಚಳವಳಿ ನಗರದ ಎಲ್ಲೆಡೆ ಹಬ್ಬಿತ್ತು.

ಪೈಪೋಟಿಯ ಮೂಲ

ಢಾಕಾದ ಬಸ್ಸುಗಳು ಒಂದನ್ನೊಂದು ಅಟ್ಟಿಸಿಕೊಂಡು ಓಡುವುದು ಕೇವಲ ಚಾಲಕರ ಸ್ವಭಾವದೋಷವಲ್ಲ. ಅಲ್ಲಿನ ನಗರ ಸಾರಿಗೆಯ ಬಹುಪಾಲು ಖಾಸಗಿಯವರ ಕೈಯಲ್ಲಿದೆ. ಒಂದು ಮಾರ್ಗದಲ್ಲಿ ಹಲವು ಸಂಸ್ಥೆಗಳು, ಒಂದು ಸಂಸ್ಥೆಯ ಹೆಸರಿನಡಿ ಹಲವು ಮಾಲೀಕರು. ಅನೇಕ ಮಾಲೀಕರು ಬಸ್ಸನ್ನು ದಿನದ ಲೆಕ್ಕದಲ್ಲಿ ಗುತ್ತಿಗೆಗೆ ಕೊಡುತ್ತಾರೆ. ದಿನದ ಕೊನೆಗೆ ಮಾಲೀಕರಿಗೆ ನಿಗದಿತ ಮೊತ್ತ ಸಲ್ಲಬೇಕು. ಇಂಧನದ ಖರ್ಚು ಕಳೆಯಬೇಕು. ಉಳಿದದ್ದು ಮಾತ್ರ ಚಾಲಕ ಹಾಗೂ ಸಹಾಯಕರ ಪಾಲು.

ಈ ಏರ್ಪಾಟಿನಲ್ಲಿ ಮುಂದಿನ ನಿಲ್ದಾಣದಲ್ಲಿ ನಿಂತ ಪ್ರತಿಯೊಬ್ಬ ಪ್ರಯಾಣಿಕನೂ ಆ ದಿನದ ಕೂಲಿಯ ಒಂದು ಭಾಗ. ಹಿಂದಿನ ಬಸ್ಸು ಮುಂದೆ ಹೋದರೆ ಆ ಕೂಲಿ ಅದರ ಪಾಲಾಗುತ್ತದೆ. ಆದ್ದರಿಂದ ನಿಲ್ದಾಣದಲ್ಲಿ ಬಸ್ಸನ್ನು ಅಡ್ಡ ನಿಲ್ಲಿಸಿ ಹಿಂದಿನದನ್ನು ತಡೆಯುವುದು, ಪೂರ್ತಿ ನಿಲ್ಲಿಸದೆ ಓಡುತ್ತಿರುವಾಗಲೇ ಜನರನ್ನು ಹತ್ತಿಸಿ ಇಳಿಸುವುದು, ಖಾಲಿ ರಸ್ತೆ ಸಿಕ್ಕೊಡನೆ ವೇಗ ಹೆಚ್ಚಿಸುವುದು ದಿನನಿತ್ಯದ ರೂಢಿಯಾಯಿತು. 2018ರ ಏಪ್ರಿಲ್‌ನಲ್ಲಿ ಕಾರವಾನ್ ಬಜಾರ್ ಬಳಿ ಹೀಗೆ ಪಕ್ಕಪಕ್ಕದಲ್ಲಿ ಓಡಿದ ಎರಡು ಬಸ್ಸುಗಳ ನಡುವೆ ಸಿಲುಕಿ ಕಾಲೇಜು ವಿದ್ಯಾರ್ಥಿಯೊಬ್ಬ ತೋಳು ಕಳೆದುಕೊಂಡಿದ್ದ. ಸುಮಾರು ಎರಡು ವಾರಗಳ ಬಳಿಕ ಆತ ಆಸ್ಪತ್ರೆಯಲ್ಲಿ ಅಸುನೀಗಿದ. ಎರಡು ಬಸ್ಸುಗಳ ಮಧ್ಯೆ ಸಿಕ್ಕಿಬಿದ್ದಿದ್ದ ಆ ತೋಳಿನ ಛಾಯಾಚಿತ್ರವನ್ನು ಢಾಕಾ ಮರೆಯುವ ಮುನ್ನವೇ ಕುರ್ಮಿಟೋಲಾದ ಸಾವುಗಳು ಸಂಭವಿಸಿದವು.

ವಿದ್ಯಾರ್ಥಿಗಳಿಗೆ ಇದರಲ್ಲಿ ಇನ್ನೊಂದು ಕಷ್ಟವೂ ಇತ್ತು. ಪ್ರಯಾಣದರದಲ್ಲಿ ರಿಯಾಯಿತಿ ನೀಡಬೇಕೆಂಬುದು ಅಲ್ಲಿನ ವಿದ್ಯಾರ್ಥಿಗಳ ಹಳೆಯ ಬೇಡಿಕೆ. ಅದು ಇನ್ನೂ ಪೂರ್ವ ಪಾಕಿಸ್ತಾನವಾಗಿದ್ದ ಕಾಲದಲ್ಲಿ, 1969ರ ಜನವರಿಯಲ್ಲಿ, ವಿದ್ಯಾರ್ಥಿ ಸಂಗ್ರಾಮ ಪರಿಷತ್ತು ಮಂಡಿಸಿದ 11 ಅಂಶಗಳ ಬೇಡಿಕೆಗಳಲ್ಲೂ ಅದು ಸೇರಿತ್ತು. ಸ್ವತಂತ್ರ ಬಾಂಗ್ಲಾದಲ್ಲಿ ಕೆಲವು ಬಸ್ಸುಗಳು ರೂಢಿಯಂತೆ ವಿದ್ಯಾರ್ಥಿಗಳಿಂದ ಅರ್ಧ ದರ ಪಡೆಯುತ್ತಿದ್ದವು. ಆದರೆ ಬರಬರುತ್ತ ‘ಹಾಫ್ ಪಾಸ್ ಇಲ್ಲ’ ಎಂಬ ಬರಹ ಬಸ್ಸಿನೊಳಗೆ ಸಾಮಾನ್ಯವಾಯಿತು. ದಿನಗುತ್ತಿಗೆಯ ಲೆಕ್ಕದಲ್ಲಿ ಅರ್ಧ ದರದ ಪ್ರಯಾಣಿಕ ಎಂದರೆ ನಷ್ಟ. ಪುಸ್ತಕದ ಚೀಲ ಹೊತ್ತವರು ಕೈಯೆತ್ತಿದರೆ ಬಸ್ಸು ನಿಲ್ಲದೆ ಹೋಗುವುದು, ಅವರು ಓಡುತ್ತಿರುವ ಬಸ್ಸಿನ ಬಾಗಿಲಿಗೆ ಜೋತುಬೀಳುವುದು ಎರಡೂ ಇದರ ಫಲ. ರಸ್ತೆಯ ಅಪಾಯವೂ ಪ್ರಯಾಣದ ಅಸಮಾನತೆಯೂ ಹೀಗೆ ಒಂದೇ ಲೆಕ್ಕಾಚಾರದಿಂದ ಹುಟ್ಟಿದ್ದವು.

ಒಂಬತ್ತು ಬೇಡಿಕೆಗಳು

ವಿದ್ಯಾರ್ಥಿಗಳು ಸರ್ಕಾರದ ಮುಂದಿಟ್ಟ ಬೇಡಿಕೆಗಳು ಒಂಬತ್ತು. ಅವುಗಳ ಸಾರ ಹೀಗಿದೆ:

1. ಅಜಾಗರೂಕ ಚಾಲನೆಯಿಂದ ಸಾವಿಗೆ ಕಾರಣರಾದ ಚಾಲಕರಿಗೆ ಮರಣದಂಡನೆ ವಿಧಿಸಬೇಕು.
2. ಸಚಿವ ಶಾಜಹಾನ್ ಖಾನ್ ತಮ್ಮ ಮಾತಿಗಾಗಿ ಬೇಷರತ್ ಕ್ಷಮೆ ಕೇಳಬೇಕು.
3. ವಿದ್ಯಾರ್ಥಿಗಳು ಓಡಾಡುವ ಜಾಗಗಳಲ್ಲಿ ಪಾದಚಾರಿ ಮೇಲ್ಸೇತುವೆ ಅಥವಾ ಪರ್ಯಾಯ ವ್ಯವಸ್ಥೆ ಕಲ್ಪಿಸಬೇಕು.
4. ಅಪಘಾತ ಹೆಚ್ಚಿರುವ ರಸ್ತೆಗಳಿಗೆ ಹಂಪ್‌ಗಳನ್ನು ಹಾಕಬೇಕು.
5. ಅಪಘಾತಕ್ಕೀಡಾದ ವಿದ್ಯಾರ್ಥಿಗಳ ಕುಟುಂಬದ ಹೊಣೆಯನ್ನು ಸರ್ಕಾರ ಹೊರಬೇಕು.
6. ವಿದ್ಯಾರ್ಥಿಗಳು ಕೈ ತೋರಿಸಿದರೆ ಬಸ್ಸು ನಿಲ್ಲಿಸಿ ಹತ್ತಿಸಿಕೊಳ್ಳಬೇಕು.
7. ದೇಶದೆಲ್ಲೆಡೆ ವಿದ್ಯಾರ್ಥಿಗಳಿಗೆ ಅರ್ಧ ದರ ಜಾರಿಯಾಗಬೇಕು.
8. ಎಫ್‌ಸಿ ಇಲ್ಲದ ವಾಹನ ಹಾಗೂ ಪರವಾನಗಿ ಇಲ್ಲದ ಚಾಲಕರು ರಸ್ತೆಗಿಳಿಯಬಾರದು.
9. ಮಿತಿಮೀರಿ ಪ್ರಯಾಣಿಕರನ್ನು ತುಂಬಬಾರದು.

ಹೊರಗಿನವರ ಗಮನ ಹೆಚ್ಚಾಗಿ ಹರಿದದ್ದು ಮೊದಲನೆಯ ಬೇಡಿಕೆಯ ಕಡೆಗೆ. ಸರ್ಕಾರದ ಉತ್ತರವೂ ಮುಖ್ಯವಾಗಿ ಅದರ ಸುತ್ತಲೇ ರೂಪುಗೊಂಡಿತು. ಆದರೆ ಆರು, ಏಳು ಮತ್ತು ಒಂಬತ್ತನೆಯ ಬೇಡಿಕೆಗಳು ಮುಟ್ಟಿದ್ದು ಬಸ್ಸು ಯಾರಿಗಾಗಿ, ಯಾವ ಲೆಕ್ಕದ ಮೇಲೆ ಓಡುತ್ತದೆ ಎಂಬ ಮೂಲ ಪ್ರಶ್ನೆಯನ್ನು.

ಸಮವಸ್ತ್ರದ ಸಂಚಾರ ಪೊಲೀಸರು

ಜುಲೈ 30ರಿಂದ ಆಗಸ್ಟ್ ಮೊದಲ ವಾರದವರೆಗೆ ಢಾಕಾದ ಪ್ರಮುಖ ವೃತ್ತಗಳು ವಿದ್ಯಾರ್ಥಿಗಳ ಹಿಡಿತದಲ್ಲಿದ್ದವು. ಅವರು ರಸ್ತೆ ತಡೆದದ್ದಷ್ಟೇ ಅಲ್ಲ, ವಾಹನಗಳನ್ನು ಒಂದೊಂದಾಗಿ ನಿಲ್ಲಿಸಿ ಚಾಲನಾ ಪರವಾನಗಿ, ನೋಂದಣಿ ಹಾಗೂ ಎಫ್‌ಸಿ ಪರಿಶೀಲಿಸಿದರು. ಕಾಗದಪತ್ರ ಸರಿಯಿದ್ದವರನ್ನು ಹೋಗಗೊಟ್ಟರು. ಇಲ್ಲದವರನ್ನು ಪೊಲೀಸರಿಗೆ ಒಪ್ಪಿಸಿದರು. ಸದಾ ಎಡಬಲವಿಲ್ಲದೆ ನುಗ್ಗುವ ರಿಕ್ಷಾಗಳು ಒಂದೇ ಸಾಲಿನಲ್ಲಿ ಚಲಿಸಿದವು. ಆಂಬುಲೆನ್ಸ್‌ಗಳಿಗೆಂದು ಪ್ರತ್ಯೇಕ ಪಥವನ್ನೇ ಬಿಟ್ಟುಕೊಡಲಾಯಿತು.

ತಪಾಸಣೆಯಲ್ಲಿ ಸಿಕ್ಕಿಬಿದ್ದವರಲ್ಲಿ ಬಸ್ ಚಾಲಕರಷ್ಟೇ ಇರಲಿಲ್ಲ. ಸರ್ಕಾರಿ ವಾಹನಗಳು ಮತ್ತು ಪೊಲೀಸ್ ವಾಹನಗಳ ಚಾಲಕರ ಬಳಿಯೂ ಪರವಾನಗಿ ಇಲ್ಲದಿರುವುದು ಬಯಲಾಯಿತು. ರಸ್ತೆಯ ವಿರುದ್ಧ ದಿಕ್ಕಿನಲ್ಲಿ ಬರುತ್ತಿದ್ದ ಆಗಿನ ವಾಣಿಜ್ಯ ಸಚಿವ ತೋಫೈಲ್ ಅಹ್ಮದ್ ಅವರ ಕಾರನ್ನು ಮಕ್ಕಳು ತಡೆದು ಹಿಂದಕ್ಕೆ ಕಳುಹಿಸಿದರು. ಸಾಮಾನ್ಯರಿಗೊಂದು, ಅಧಿಕಾರಸ್ಥರಿಗೊಂದು ನಿಯಮವಿರಬಾರದು ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳುವುದು ಸಾಧ್ಯವಿರಲಿಲ್ಲ. ‘ರಾಷ್ಟ್ರ ದುರಸ್ತಿಯ ಕೆಲಸ ನಡೆಯುತ್ತಿದೆ, ತಾತ್ಕಾಲಿಕ ಅಡಚಣೆಗಾಗಿ ವಿಷಾದಿಸುತ್ತೇವೆ’ ಎಂಬ ಭಿತ್ತಿಫಲಕವೊಂದು ಆ ದಿನಗಳ ಗುರುತಾಗಿ ಉಳಿಯಿತು. ಪರವಾನಗಿ ಮಾಡಿಸಲು, ನವೀಕರಿಸಲು ರಸ್ತೆ ಸಾರಿಗೆ ಪ್ರಾಧಿಕಾರದ ಕಚೇರಿಗಳ ಮುಂದೆ ಜನ ಸಾಲುಗಟ್ಟಿದರು.

ಸರ್ಕಾರ ಆಗಸ್ಟ್ 2ರಂದು ಶಾಲೆಗಳಿಗೆ ರಜೆ ಘೋಷಿಸಿತು. ಮಕ್ಕಳು ಆ ದಿನವೂ ಬೀದಿಗೆ ಬಂದರು. ಆಗಿನ ಪ್ರಧಾನಿ ಶೇಖ್ ಹಸೀನಾ ಮೃತ ವಿದ್ಯಾರ್ಥಿಗಳ ಕುಟುಂಬಗಳಿಗೆ ತಲಾ 20 ಲಕ್ಷ ಟಾಕಾ ಮೌಲ್ಯದ ಉಳಿತಾಯ ಪತ್ರ ನೀಡಿದರು. ಆ ಕಾಲೇಜಿಗೆ ಐದು ಬಸ್ಸುಗಳನ್ನು ಒದಗಿಸಲಾಯಿತು. ಬೇಡಿಕೆಗಳನ್ನು ಒಪ್ಪಲಾಗಿದೆ, ಮಕ್ಕಳು ಮನೆಗೆ ಮರಳಬೇಕು ಎಂದು ಸರ್ಕಾರ ಮನವಿ ಮಾಡಿತು.

ದಮನದ ದಿನಗಳು

ಆಗಸ್ಟ್ 4ರಂದು ಪರಿಸ್ಥಿತಿ ಬದಲಾಯಿತು. ಧಾನ್‌ಮಂಡಿಯ ಜಿಗಾತೊಲಾ ಪ್ರದೇಶದಲ್ಲಿ ದೊಣ್ಣೆ ಹಿಡಿದ ಗುಂಪುಗಳು ವಿದ್ಯಾರ್ಥಿಗಳ ಮೇಲೆ ದಾಳಿ ನಡೆಸಿದವು. ದಾಳಿಕೋರರು ಆಳುವ ಪಕ್ಷದ ಅಂಗಸಂಸ್ಥೆಗಳಿಗೆ ಸೇರಿದವರೆಂದು ಪ್ರತ್ಯಕ್ಷದರ್ಶಿಗಳು ಆರೋಪಿಸಿದರು. ಪಕ್ಷ ಅದನ್ನು ನಿರಾಕರಿಸಿತು. ಪೊಲೀಸರು ಅಶ್ರುವಾಯು ಪ್ರಯೋಗಿಸಿದರು. ಮೊಬೈಲ್ ಅಂತರಜಾಲದ ವೇಗವನ್ನು ಕುಗ್ಗಿಸಲಾಯಿತು. ಸಾವು, ಅತ್ಯಾಚಾರಗಳ ಬಗ್ಗೆ ವದಂತಿಗಳು ಹರಡಿ ಗೊಂದಲ ಇನ್ನಷ್ಟು ಹೆಚ್ಚಿತು. ಘಟನೆಗಳನ್ನು ಚಿತ್ರೀಕರಿಸುತ್ತಿದ್ದ ಪತ್ರಿಕಾ ಛಾಯಾಗ್ರಾಹಕರೂ ಹಲ್ಲೆಗೊಳಗಾದರು.

ಹೆಸರಾಂತ ಛಾಯಾಗ್ರಾಹಕ ಶಹೀದುಲ್ ಆಲಂ ವಿದೇಶಿ ವಾಹಿನಿಯೊಂದಕ್ಕೆ ಸಂದರ್ಶನ ನೀಡಿದ ಬಳಿಕ ಆಗಸ್ಟ್ 5ರ ರಾತ್ರಿ ಅವರನ್ನು ಮನೆಯಿಂದ ಕರೆದೊಯ್ಯಲಾಯಿತು. ಮಾಹಿತಿ ಮತ್ತು ಸಂವಹನ ತಂತ್ರಜ್ಞಾನ ಕಾಯಿದೆಯಡಿ ಪ್ರಕರಣ ಎದುರಿಸಿದ ಅವರು ನೂರಕ್ಕೂ ಹೆಚ್ಚು ದಿನ ಬಂಧನದಲ್ಲಿದ್ದು ನವೆಂಬರ್ 20ರಂದು ಜಾಮೀನಿನ ಮೇಲೆ ಹೊರಬಂದರು. ಖಾಸಗಿ ವಿಶ್ವವಿದ್ಯಾಲಯಗಳ 22 ವಿದ್ಯಾರ್ಥಿಗಳನ್ನೂ ಬಂಧಿಸಲಾಗಿತ್ತು. ಈದ್ ಹಬ್ಬಕ್ಕೆ ಮುಂಚೆ ಅವರಿಗೆ ಜಾಮೀನು ದೊರೆಯಿತು. ಆಗಸ್ಟ್ 8ರ ಹೊತ್ತಿಗೆ ಬೀದಿಗಳು ತೆರವಾಗಿದ್ದವು.

ಕಾಯಿದೆ ಬಂತು, ಜಾರಿ ಸೊರಗಿತು

ಚಳವಳಿಯ ಒತ್ತಡ ಫಲ ನೀಡಿತು. ಬಹುಕಾಲ ನನೆಗುದಿಗೆ ಬಿದ್ದಿದ್ದ ರಸ್ತೆ ಸಾರಿಗೆ ಮಸೂದೆಯ ಕರಡಿಗೆ ಸಚಿವ ಸಂಪುಟ 2018ರ ಆಗಸ್ಟ್ 6ರಂದು ಒಪ್ಪಿಗೆ ನೀಡಿತು. ಸೆಪ್ಟೆಂಬರ್ 19ರಂದು ಸಂಸತ್ತು ಅದನ್ನು ಅಂಗೀಕರಿಸಿತು. 1983ರ ಮೋಟಾರು ವಾಹನ ಸುಗ್ರೀವಾಜ್ಞೆಯ ಜಾಗಕ್ಕೆ ರಸ್ತೆ ಸಾರಿಗೆ ಕಾಯಿದೆ 2018 ಬಂದಿತು. ಅಜಾಗರೂಕ ಚಾಲನೆಯಿಂದ ಸಾವು ಸಂಭವಿಸಿದರೆ ಇದ್ದ ಗರಿಷ್ಠ 3 ವರ್ಷಗಳ ಶಿಕ್ಷೆಯನ್ನು ಅದು 5 ವರ್ಷಗಳಿಗೆ ಏರಿಸಿತು. ಉದ್ದೇಶಪೂರ್ವಕ ಕೊಲೆಯೆಂದು ಸಾಬೀತಾದರೆ ದಂಡ ಸಂಹಿತೆಯಂತೆ ಮರಣದಂಡನೆಗೂ ಅವಕಾಶ ಇಡಲಾಯಿತು. ಚಾಲಕರು ಕನಿಷ್ಠ 8ನೇ ತರಗತಿ ಓದಿರಬೇಕೆಂಬ ನಿಯಮ ಬಂತು. ತಪ್ಪು ಮಾಡಿದಂತೆಲ್ಲ ಚಾಲಕರ ಪರವಾನಗಿಯಿಂದ ಅಂಕ ಕಳೆಯುವ ಪದ್ಧತಿಯೂ ಸೇರಿತು.

ಸಾರಿಗೆ ಕಾರ್ಮಿಕರ ಒಕ್ಕೂಟ ಅಷ್ಟೇ ವೇಗವಾಗಿ ಪ್ರತಿಕ್ರಿಯಿಸಿತು. ಕಾಯಿದೆಯ ಎಲ್ಲ ಅಪರಾಧಗಳನ್ನೂ ಜಾಮೀನಿಗೆ ಒಳಪಡಿಸಬೇಕೆಂಬುದೂ ಸೇರಿ ಹಲವು ಬೇಡಿಕೆಗಳೊಂದಿಗೆ ಅಕ್ಟೋಬರ್ 28ರಿಂದ 48 ಗಂಟೆಗಳ ಮುಷ್ಕರ ನಡೆಯಿತು. ಮುಷ್ಕರ ಮುರಿದು ವಾಹನ ಓಡಿಸಿದ ಚಾಲಕರ ಮುಖಕ್ಕೆ ಸುಟ್ಟ ಎಂಜಿನ್ ಎಣ್ಣೆ ಬಳಿದ ಪ್ರಸಂಗಗಳೂ ನಡೆದವು. ಒಕ್ಕೂಟದ ಬಲ ಅಲ್ಲಿ ಹೊಸದೇನಲ್ಲ. ಚಲನಚಿತ್ರ ನಿರ್ದೇಶಕ ತಾರೇಕ್ ಮಸೂದ್ ಅವರು 2011ರಲ್ಲಿ ರಸ್ತೆ ಅಪಘಾತದಲ್ಲಿ ಸಾವಿಗೀಡಾದ ಪ್ರಕರಣದಲ್ಲಿ ಬಸ್ ಚಾಲಕನಿಗೆ 2017ರ ಫೆಬ್ರವರಿಯಲ್ಲಿ ಜೀವಾವಧಿ ಶಿಕ್ಷೆಯಾದಾಗಲೂ ಕಾರ್ಮಿಕರು ಬಸ್ಸುಗಳನ್ನು ನಿಲ್ಲಿಸಿದ್ದರು.

ಅಂಗೀಕಾರವಾದ ಒಂದು ವರ್ಷದ ಮೇಲೆ, 2019ರ ನವೆಂಬರ್ 1ರಿಂದ ಕಾಯಿದೆ ಜಾರಿಗೆ ಬಂತು. ತಿಂಗಳು ತುಂಬುವ ಮೊದಲೇ ಲಾರಿ ಮುಷ್ಕರ ಆರಂಭವಾಯಿತು. ಪರವಾನಗಿ ಮತ್ತು ಎಫ್‌ಸಿಗೆ ಸಂಬಂಧಿಸಿದ ನಿಯಮಗಳನ್ನು ಸರ್ಕಾರ 2020ರ ಜೂನ್‌ವರೆಗೆ ಸಡಿಲಿಸಿತು. ಕಾಯಿದೆಯ ಅನುಷ್ಠಾನಕ್ಕೆ ಅಗತ್ಯವಾದ ನಿಯಮಾವಳಿ ಪ್ರಕಟವಾದದ್ದು 2022ರ ಡಿಸೆಂಬರ್‌ನಲ್ಲಿ. ಅಪಘಾತದಲ್ಲಿ ಸತ್ತವರ ಕುಟುಂಬಕ್ಕೆ 5 ಲಕ್ಷ ಟಾಕಾ, ಶಾಶ್ವತವಾಗಿ ಅಂಗವಿಕಲರಾದವರಿಗೆ 3 ಲಕ್ಷ ಟಾಕಾ ನೆರವು ಆ ಮೂಲಕ ನಿಗದಿಯಾಯಿತು.

ರಸ್ತೆಗೆ ಶಿಸ್ತು ತರುವ ಮಾರ್ಗ ಸೂಚಿಸಲು 2019ರಲ್ಲಿ ಒಂದು ಸಮಿತಿ ರಚನೆಯಾಯಿತು. ಅದರ ಅಧ್ಯಕ್ಷತೆ ಸಿಕ್ಕಿದ್ದು ಯಾರ ಕ್ಷಮಾಪಣೆಗಾಗಿ ವಿದ್ಯಾರ್ಥಿಗಳು ಪಟ್ಟು ಹಿಡಿದಿದ್ದರೋ ಅದೇ ಶಾಜಹಾನ್ ಖಾನ್ ಅವರಿಗೆ. ಆ ವೇಳೆಗೆ ಅವರು ಸಚಿವರಾಗಿರಲಿಲ್ಲ. ಸಮಿತಿ 111 ಶಿಫಾರಸುಗಳನ್ನು ಸಲ್ಲಿಸಿತು.

ಕುರ್ಮಿಟೋಲಾ ಪ್ರಕರಣದಲ್ಲಿ ಢಾಕಾ ನ್ಯಾಯಾಲಯ 2019ರ ಡಿಸೆಂಬರ್ 1ರಂದು ಇಬ್ಬರು ಚಾಲಕರು ಮತ್ತು ಒಬ್ಬ ಸಹಾಯಕನಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಬಸ್ ಮಾಲೀಕರಲ್ಲೊಬ್ಬರು ಹಾಗೂ ಇನ್ನೊಬ್ಬ ಸಹಾಯಕ ಖುಲಾಸೆಗೊಂಡರು. ಶಿಕ್ಷೆ ಚಕ್ರ ಹಿಡಿದವರಿಗೆ ಸಂದಿತು. ಅವರನ್ನು ಪೈಪೋಟಿಗೆ ಹಚ್ಚಿದ ದಿನಗುತ್ತಿಗೆಯ ಏರ್ಪಾಟು ಹಾಗೆಯೇ ಮುಂದುವರಿಯಿತು.

ಏರ್ಪಾಟನ್ನೇ ಬದಲಿಸುವ ಯತ್ನ

ಈ ಮೂಲದೋಷವನ್ನು ಗುರುತಿಸಿದವರು ಇರಲಿಲ್ಲವೆಂದಲ್ಲ. ಢಾಕಾ ಉತ್ತರ ನಗರಪಾಲಿಕೆಯ ಮೇಯರ್ ಆಗಿದ್ದ ಅನಿಸುಲ್ ಹಕ್ ನಗರದ ಬಸ್ಸುಗಳನ್ನೆಲ್ಲ ಕೆಲವೇ ಕಂಪನಿಗಳ ಅಡಿಯಲ್ಲಿ ತರುವ ಪ್ರಸ್ತಾವ ಮುಂದಿಟ್ಟಿದ್ದರು. ಒಂದು ಮಾರ್ಗಕ್ಕೆ ಒಂದೇ ಕಂಪನಿ ಇದ್ದು ಆದಾಯವನ್ನು ಮಾಲೀಕರು ಹಂಚಿಕೊಂಡರೆ ಒಂದೇ ಮಾರ್ಗದ ಎರಡು ಬಸ್ಸುಗಳು ಪ್ರಯಾಣಿಕರಿಗಾಗಿ ಕಾದಾಡಬೇಕಾಗಿಲ್ಲ ಎಂಬುದು ಅದರ ತಿರುಳು. 2017ರ ನವೆಂಬರ್‌ನಲ್ಲಿ ಅವರು ನಿಧನರಾದರು. ಬಳಿಕ ಈ ಕೆಲಸಕ್ಕೆ ಸಮಿತಿ ರಚನೆಯಾಗಿ 42 ಮಾರ್ಗ, 22 ಕಂಪನಿಗಳ ಯೋಜನೆ ಸಿದ್ಧವಾಯಿತು.

‘ಢಾಕಾ ನಗರ ಪರಿಬಹನ್’ ಹೆಸರಿನ ಪ್ರಾಯೋಗಿಕ ಸೇವೆ 2021ರ ಡಿಸೆಂಬರ್ 26ರಂದು ಘಾಟಾರ್‌ಚರ್-ಕಾಂಚ್‌ಪುರ ಮಾರ್ಗದಲ್ಲಿ 50 ಬಸ್ಸುಗಳೊಂದಿಗೆ ಆರಂಭವಾಯಿತು. ನಿಗದಿತ ನಿಲ್ದಾಣ, ಟಿಕೆಟ್ ಪಡೆದೇ ಹತ್ತುವ ಪದ್ಧತಿ ಅದರ ವಿಶೇಷ. ಆದರೆ ಅದೇ ಮಾರ್ಗದಲ್ಲಿ ಹಳೆಯ ಬಸ್ಸುಗಳೂ ಓಡುತ್ತಲೇ ಇದ್ದವು. ಕೆಲವೇ ಮಾರ್ಗಗಳಿಗೆ ಸೀಮಿತವಾದ ಸೇವೆ ಯೋಜಿಸಿದ ಮಟ್ಟಕ್ಕೆ ಬೆಳೆಯಲಿಲ್ಲ.

2021: ಅರ್ಧ ದರದ ಗೆಲುವು

2019ರ ಮಾರ್ಚ್‌ನಲ್ಲಿ ಪ್ರಗತಿ ಸರಣಿ ರಸ್ತೆಯ ಜೀಬ್ರಾ ಪಟ್ಟಿಯ ಬಳಿ ಬಸ್ಸು ಹರಿದು ವಿಶ್ವವಿದ್ಯಾಲಯದ ವಿದ್ಯಾರ್ಥಿಯೊಬ್ಬ ಸತ್ತಾಗ ಪ್ರತಿಭಟನೆ ಮರುಕಳಿಸಿತು. ಎರಡನೆಯ ದೊಡ್ಡ ಅಲೆ ಎದ್ದದ್ದು 2021ರ ನವೆಂಬರ್‌ನಲ್ಲಿ. ಆ ತಿಂಗಳ ಆರಂಭದಲ್ಲಿ ಸರ್ಕಾರ ಡೀಸೆಲ್ ಬೆಲೆಯನ್ನು ಲೀಟರಿಗೆ 65 ಟಾಕಾದಿಂದ 80 ಟಾಕಾಗೆ ಏರಿಸಿತು. ಮಾಲೀಕರು ಬಸ್ಸುಗಳನ್ನು ನಿಲ್ಲಿಸಿದರು. ಢಾಕಾದಲ್ಲಿ ಪ್ರಯಾಣದರ ಕಿ.ಮೀ.ಗೆ 1.70 ಟಾಕಾದಿಂದ 2.15 ಟಾಕಾಗೆ ಏರಿತು. ಕೊರೊನಾದಿಂದ ಒಂದೂವರೆ ವರ್ಷ ಮುಚ್ಚಿದ್ದ ತರಗತಿಗಳು ಆಗಷ್ಟೇ ತೆರೆದಿದ್ದವು. ಮಧ್ಯಮ ಹಾಗೂ ಕೆಳ ಮಧ್ಯಮ ವರ್ಗದ ಮನೆಗಳಿಗೆ ಮಕ್ಕಳ ಬಸ್ ಖರ್ಚು ದೊಡ್ಡ ಹೊರೆಯಾಯಿತು. ವಿದ್ಯಾರ್ಥಿಗಳು ಅರ್ಧ ದರದ ಬೇಡಿಕೆಯೊಂದಿಗೆ ಬೀದಿಗಿಳಿದರು.

ನವೆಂಬರ್ 24ರಂದು ಗುಲಿಸ್ತಾನ್ ಪ್ರದೇಶದಲ್ಲಿ ನಗರಪಾಲಿಕೆಯ ಕಸದ ಲಾರಿ ಹರಿದು ನಾಟ್ರಡೇಮ್ ಕಾಲೇಜಿನ ವಿದ್ಯಾರ್ಥಿಯೊಬ್ಬ ಮೃತಪಟ್ಟ. ಲಾರಿ ಚಲಾಯಿಸುತ್ತಿದ್ದವನು ಅದಕ್ಕೆ ನೇಮಕಗೊಂಡ ಚಾಲಕನಾಗಿರಲಿಲ್ಲ. ನವೆಂಬರ್ 29ರ ರಾತ್ರಿ ರಾಂಪುರದಲ್ಲಿ ಬಸ್ಸಿಗೆ ಸಿಲುಕಿ ಪ್ರೌಢಶಾಲಾ ವಿದ್ಯಾರ್ಥಿಯೊಬ್ಬ ಸತ್ತ. ಅರ್ಧ ದರದ ಹೋರಾಟವೂ ಸುರಕ್ಷಿತ ರಸ್ತೆಯ ಹೋರಾಟವೂ ಮತ್ತೆ ಒಂದಾದವು. ಡಿಸೆಂಬರ್ ಆರಂಭದಲ್ಲಿ ರಾಂಪುರದ ವಿದ್ಯಾರ್ಥಿಗಳು ಫುಟ್ಬಾಲ್ ತೀರ್ಪುಗಾರರಂತೆ ಕೆಂಪು ಕಾರ್ಡು ಹಿಡಿದು, ಸಾರಿಗೆ ವಲಯದ ಭ್ರಷ್ಟಾಚಾರವನ್ನು ಅಂಗಳದಿಂದ ಹೊರಗೆ ಕಳುಹಿಸುತ್ತಿರುವುದಾಗಿ ಸಾರಿದರು.

ಸರ್ಕಾರಿ ಸಾರಿಗೆ ಸಂಸ್ಥೆಯ ಬಸ್ಸುಗಳಲ್ಲಿ ಡಿಸೆಂಬರ್ 1ರಿಂದ ಅರ್ಧ ದರ ಜಾರಿಯಾಯಿತು. ಢಾಕಾದ ಖಾಸಗಿ ಬಸ್ ಮಾಲೀಕರ ಸಂಘವೂ ಅದೇ ದಿನದಿಂದ ಒಪ್ಪಿಕೊಂಡಿತು. ಆದರೆ ಭಾವಚಿತ್ರವಿರುವ ಗುರುತಿನ ಚೀಟಿ ತೋರಿಸಬೇಕು, ಬೆಳಗ್ಗೆ 7ರಿಂದ ರಾತ್ರಿ 8ರವರೆಗೆ ಮಾತ್ರ, ರಜಾ ದಿನಗಳಲ್ಲಿ ಇಲ್ಲ ಎಂಬ ಷರತ್ತುಗಳಿದ್ದವು. ಚಟ್ಟೋಗ್ರಾಮದ ಮಾಲೀಕರು ಕೆಲ ದಿನಗಳ ಬಳಿಕ ಇದೇ ಹಾದಿ ಹಿಡಿದರು. ದೇಶದೆಲ್ಲೆಡೆ ಎಂಬ ಮೂಲ ಬೇಡಿಕೆ ಪೂರ್ತಿ ಈಡೇರಲಿಲ್ಲ. ಆದರೂ 1969ರಿಂದ ಕೇಳುತ್ತ ಬಂದಿದ್ದ ರಿಯಾಯಿತಿಗೆ ರಾಜಧಾನಿಯ ಖಾಸಗಿ ಮಾಲೀಕರಿಂದ ಘೋಷಿತ ಒಪ್ಪಿಗೆ ದೊರೆಯಿತು. ಒಂಬತ್ತು ಬೇಡಿಕೆಗಳಲ್ಲಿ ವಿದ್ಯಾರ್ಥಿಯ ಜೇಬಿಗೆ ದಿನವೂ ತಿಳಿಯುವಂತೆ ಫಲಿಸಿದ್ದು ಇದೊಂದು.

ಭಾರತದ ಜತೆ ಹೋಲಿಕೆ

ಢಾಕಾದ ಅನುಭವ ಭಾರತದ ಓದುಗರಿಗೆ ಅಪರಿಚಿತವಲ್ಲ. ದೆಹಲಿಯಲ್ಲಿ ಓಡುತ್ತಿದ್ದ ಖಾಸಗಿ ‘ಬ್ಲೂಲೈನ್’ ಬಸ್ಸುಗಳು ಇದೇ ಬಗೆಯ ಪೈಪೋಟಿಗೆ ಕುಖ್ಯಾತವಾಗಿದ್ದವು. 2007ರಲ್ಲಿ ಅವುಗಳಿಂದ ಸಾವುಗಳ ಸರಣಿಯೇ ಸಂಭವಿಸಿದ ಮೇಲೆ ಅವುಗಳನ್ನು ಹಂತಹಂತವಾಗಿ ರಸ್ತೆಯಿಂದ ತೆಗೆಯಲಾಯಿತು. ಕರ್ನಾಟಕದ ಸರ್ಕಾರಿ ಸಾರಿಗೆ ನಿಗಮಗಳಲ್ಲಿ ಚಾಲಕರಿಗೆ ಮಾಸಿಕ ವೇತನವಿದೆ. ಮುಂದಿನ ನಿಲ್ದಾಣದ ಪ್ರಯಾಣಿಕರು ಅವರ ಆ ದಿನದ ಕೂಲಿಯಲ್ಲ. ವಿದ್ಯಾರ್ಥಿಗಳಿಗೆ ರಿಯಾಯಿತಿ ಪಾಸ್ ಇಲ್ಲಿ ಬಹುಕಾಲದಿಂದ ಇದೆ. 2023ರ ಜೂನ್ 11ರಂದು ಆರಂಭವಾದ ‘ಶಕ್ತಿ’ ಯೋಜನೆ ರಾಜ್ಯದ ವಿದ್ಯಾರ್ಥಿನಿಯರಿಗೂ ಉಚಿತ ಪ್ರಯಾಣದ ಅವಕಾಶ ನೀಡಿತು. ಢಾಕಾದ ಮಕ್ಕಳು ರಸ್ತೆ ತಡೆದು ಕೇಳಿದ ಸೌಲಭ್ಯ ಇಲ್ಲಿ ಸಾರ್ವಜನಿಕ ಸಾರಿಗೆಯಿಂದಾಗಿ ಸಹಜವೆನಿಸಿದೆ.

ಕಠಿಣ ಶಿಕ್ಷೆಯ ಕಾನೂನು ಮುಷ್ಕರದ ಮುಂದೆ ನಿಂತುಹೋಗುವುದು ಮಾತ್ರ ಎರಡೂ ದೇಶಗಳಿಗೆ ಸಮಾನ. ಅಪಘಾತ ಮಾಡಿ ಮಾಹಿತಿ ನೀಡದೆ ಪರಾರಿಯಾಗುವ ಚಾಲಕರಿಗೆ 10 ವರ್ಷಗಳವರೆಗೆ ಶಿಕ್ಷೆ ವಿಧಿಸುವ ಭಾರತೀಯ ನ್ಯಾಯ ಸಂಹಿತೆಯ 106ನೇ ವಿಧಿಯ 2ನೇ ಉಪವಿಧಿಯ ವಿರುದ್ಧ 2024ರ ಜನವರಿ ಮೊದಲ ವಾರದಲ್ಲಿ ಲಾರಿ ಚಾಲಕರು ಮುಷ್ಕರ ಹೂಡಿದರು. 2024ರ ಜುಲೈ 1ರಂದು ಸಂಹಿತೆ ಜಾರಿಗೆ ಬಂದಾಗ ಆ ಉಪವಿಧಿಯನ್ನು ತಡೆಹಿಡಿಯಲಾಯಿತು. ತೀರ ಕಡಿಮೆ ಆದಾಯದಲ್ಲಿ, ಗಂಟೆಗಳ ಮಿತಿಯಿಲ್ಲದೆ ದುಡಿಯುವ ಚಾಲಕನ ಮೇಲೆ ಇಡೀ ವ್ಯವಸ್ಥೆಯ ಹೊಣೆಯನ್ನು ಹೊರಿಸಿದಾಗ ಇಂಥ ಪ್ರತಿರೋಧ ಏಳುವುದನ್ನು ಎರಡೂ ಕಡೆ ಕಾಣಬಹುದು.

ಅಂಕಿ-ಅಂಶಗಳಲ್ಲಿ ಯುವಜನ

ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಪ್ರಕಟಿಸಿದ ವರದಿಯಂತೆ 2021ರಲ್ಲಿ ಜಗತ್ತಿನಾದ್ಯಂತ ರಸ್ತೆಗಳಲ್ಲಿ ಸತ್ತವರು ಸುಮಾರು 11.9 ಲಕ್ಷ. 5ರಿಂದ 29 ವರ್ಷ ವಯಸ್ಸಿನವರ ಸಾವಿಗೆ ರಸ್ತೆ ಅಪಘಾತವೇ ಮೊದಲನೆಯ ಕಾರಣ. ಶೇ. 92ರಷ್ಟು ಸಾವುಗಳು ಸಂಭವಿಸುವುದು ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ. ಆದರೆ ಆ ದೇಶಗಳಲ್ಲಿರುವ ವಾಹನಗಳು ಜಗತ್ತಿನ ಒಟ್ಟು ವಾಹನಗಳಲ್ಲಿ ಶೇ. 60ರಷ್ಟು ಮಾತ್ರ. ಸತ್ತವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಪಾದಚಾರಿಗಳು, ಸೈಕಲ್ ಸವಾರರು ಹಾಗೂ ದ್ವಿಚಕ್ರ, ತ್ರಿಚಕ್ರ ವಾಹನಗಳಲ್ಲಿ ಸಾಗುವವರು. ಭಾರತದಲ್ಲಿ 2022ರಲ್ಲಿ 4,61,312 ಅಪಘಾತಗಳಲ್ಲಿ 1,68,491 ಜನ ಪ್ರಾಣ ಕಳೆದುಕೊಂಡರೆಂದು ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿ ಹೇಳುತ್ತದೆ. ಅವರಲ್ಲಿ ಮೂರನೇ ಎರಡರಷ್ಟು ಮಂದಿ 18ರಿಂದ 45ರ ವಯೋಮಾನದವರು.

ಈ ಹಿನ್ನೆಲೆಯಲ್ಲಿ ಯುವಜನರ ದನಿಗೆ ಅಂತಾರಾಷ್ಟ್ರೀಯ ವೇದಿಕೆಗಳಲ್ಲೂ ಜಾಗ ದೊರೆತಿದೆ. 2007ರ ಏಪ್ರಿಲ್‌ನಲ್ಲಿ ಜಿನೀವಾದಲ್ಲಿ ರಸ್ತೆ ಸುರಕ್ಷತೆ ಕುರಿತ ಮೊದಲ ವಿಶ್ವ ಯುವ ಸಭೆ ನಡೆಯಿತು. ಅದರ ಫಲವಾಗಿ 2009ರಲ್ಲಿ ‘ಯೂತ್ ಫಾರ್ ರೋಡ್ ಸೇಫ್ಟಿ’ ಎಂಬ ಸಂಸ್ಥೆ ಹುಟ್ಟಿತು. ಎರಡನೆಯ ಯುವ ಸಭೆ 2020ರ ಫೆಬ್ರವರಿಯಲ್ಲಿ ಸ್ಟಾಕ್‌ಹೋಮ್‌ನಲ್ಲಿ ಜರುಗಿತು. ರಸ್ತೆ ಸಾವುಗಳನ್ನು 2030ರೊಳಗೆ ಅರ್ಧಕ್ಕಿಳಿಸುವ ಗುರಿಯನ್ನು ವಿಶ್ವಸಂಸ್ಥೆಯ ಮಹಾಸಭೆ 2020ರ ಆಗಸ್ಟ್‌ನಲ್ಲಿ ಅಂಗೀಕರಿಸಿತು.

ಬಾಂಗ್ಲಾದೇಶದಲ್ಲೇ ಈ ಹೋರಾಟಕ್ಕೆ ಹಿರಿಯರ ಪರಂಪರೆಯೊಂದಿದೆ. ಚಲನಚಿತ್ರ ನಟ ಇಲಿಯಾಸ್ ಕಾಂಚನ್ ಅವರ ಪತ್ನಿ 1993ರ ಅಕ್ಟೋಬರ್ 22ರಂದು ರಸ್ತೆ ಅಪಘಾತದಲ್ಲಿ ಮೃತಪಟ್ಟರು. ಅಂದಿನಿಂದ ಅವರು ‘ನಿರಾಪದ್ ಸಡಕ್ ಚಾಯ್’, ಅಂದರೆ ‘ಸುರಕ್ಷಿತ ರಸ್ತೆ ಬೇಕು’ ಎಂಬ ಸಂಘಟನೆ ಕಟ್ಟಿ ದುಡಿದರು. ಸರ್ಕಾರ 2017ರಲ್ಲಿ ಆ ದಿನವನ್ನು ರಾಷ್ಟ್ರೀಯ ಸುರಕ್ಷಿತ ರಸ್ತೆ ದಿನವೆಂದು ಘೋಷಿಸಿತು. ಕಾಲು ಶತಮಾನ ಒಬ್ಬ ನಟ ಕೇಳಿದ್ದನ್ನು 2018ರಲ್ಲಿ ಮಕ್ಕಳು ತಮ್ಮದೇ ಮಾತಾಗಿಸಿಕೊಂಡರು.

ಮತ್ತೆ ಅದೇ ವೃತ್ತಗಳಲ್ಲಿ

2024ರ ಜುಲೈನಲ್ಲಿ ಸರ್ಕಾರಿ ನೌಕರಿಯ ಮೀಸಲಾತಿ ವಿರುದ್ಧ ಆರಂಭವಾದ ವಿದ್ಯಾರ್ಥಿ ಚಳವಳಿ ಅಪಾರ ಸಾವುನೋವುಗಳ ನಡುವೆ ಆಗಸ್ಟ್ 5ರಂದು ಹಸೀನಾ ಸರ್ಕಾರದ ಪತನದಲ್ಲಿ ಕೊನೆಗೊಂಡಿತು. ಪೊಲೀಸರು ಬೀದಿಗಳಿಂದ ಕಾಣೆಯಾದರು. ಆಗ ಢಾಕಾದ ವೃತ್ತಗಳಲ್ಲಿ ನಿಂತು ವಾಹನಗಳಿಗೆ ದಾರಿ ತೋರಿದವರು ಮತ್ತೆ ವಿದ್ಯಾರ್ಥಿಗಳೇ. ಪೊಲೀಸರು ಕರ್ತವ್ಯಕ್ಕೆ ಮರಳುವವರೆಗೆ ಸುಮಾರು ಒಂದು ವಾರ ಅವರು ಆ ಕೆಲಸ ಮಾಡಿದರು. ಅದೇ ವರ್ಷದ ಕೊನೆಗೆ ಸಂಚಾರ ಪೊಲೀಸರಿಗೆ ನೆರವಾಗಲು ವಿದ್ಯಾರ್ಥಿಗಳನ್ನು ಸಂಭಾವನೆಯ ಮೇಲೆ ಅರೆಕಾಲಿಕವಾಗಿ ನಿಯೋಜಿಸಲಾಯಿತು.

2018ರ ಬೇಡಿಕೆ ಪಟ್ಟಿಯನ್ನು ಇಂದು ನೋಡಿದರೆ ಫಲಿತಾಂಶ ಮಿಶ್ರ. ಕಾಯಿದೆ ಬಂದಿದೆ, ಜಾರಿ ದುರ್ಬಲವಾಗಿದೆ. ಪರಿಹಾರದ ಮೊತ್ತ ನಿಗದಿಯಾಗಿದೆ. ಅರ್ಧ ದರ ಷರತ್ತುಗಳೊಂದಿಗೆ ದೊರೆತಿದೆ. ಸಚಿವರ ಕ್ಷಮೆಯೂ ಬಂದಿದೆ. ಚಾಲಕನ ದಿನಗೂಲಿಯನ್ನು ಪ್ರಯಾಣಿಕರ ಎಣಿಕೆಗೆ ಕಟ್ಟಿಹಾಕಿದ ಪದ್ಧತಿಯನ್ನು ಮಾತ್ರ ಯಾವ ಕಾಯಿದೆಯೂ ಬಿಡಿಸಿಲ್ಲ. ಕುರ್ಮಿಟೋಲಾದಲ್ಲಿ ಎರಡು ಜೀವಗಳನ್ನು ಬಲಿ ತೆಗೆದುಕೊಂಡ ಪೈಪೋಟಿ ಆರಂಭವಾದದ್ದು ಅಲ್ಲಿಂದ. ಸುರಕ್ಷಿತ ರಸ್ತೆಯ ಕೆಲಸ ಆರಂಭವಾಗಬೇಕಾದದ್ದೂ ಅಲ್ಲಿಂದಲೇ.